ಮೂರನೇ ಕೋಣೆ

ಫೆಬ್ರವರಿ. ಬೋಹಿನ್ ಸರೋವರ
ಮುಚ್ಚಳ ಹಾಕಿಕೊಂಡು ಮಲಗಿದೆ.
ಮಾಡಿನ ಹಿಮ ಧೊಪ್ಪೆಂದು ಜಾರಿ
ಸೌದೆಮನೆಯ ಬಾಗಿಲಿಗೆ ಅಡ್ಡ ಬೀಳುತ್ತದೆ.
ಇಂಥ ದಿನಗಳಲ್ಲೇ ಫೋನು ಶುರು:
ಬೇಸಿಗೆ ಬೇಕು ಅವರಿಗೆ,
ಈಗಲೇ, ಬಾಲ್ಕನಿ ಸಮೇತ.

ಲೆಕ್ಕದ ಪುಸ್ತಕ ಬಿಚ್ಚುತ್ತೇನೆ.
ಪೆನ್ಸಿಲಿನಲ್ಲೇ ಬರೆಯುವುದು, ಅತ್ತೆ ಕಲಿಸಿದ್ದು:
ಶಾಯಿಯಲ್ಲಿ ಬರೆದವರು ಬರುವುದಿಲ್ಲ, ಯೆರಿತ್ಸಾ,
ಪೆನ್ಸಿಲಿನವರು ನಾಯಿಯನ್ನೂ ಕರೆತರುತ್ತಾರೆ.

ಗ್ರಾಜ್‌ನಿಂದ ಹಲ್ಲಿನ ಡಾಕ್ಟರು:
ನೀರು ಬೆಚ್ಚಗಿರುತ್ತದೆಯೇ?
ಆಗಸ್ಟಿನಲ್ಲಿ ಇಪ್ಪತ್ತೆರಡು ಡಿಗ್ರಿ, ಎನ್ನುತ್ತೇನೆ
ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.
ದೋಣಿಕಟ್ಟೆಯ ಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ದಿನಾ ಬರೆದಿರುತ್ತಾರೆ,
ಬ್ರೆಡ್ ತರಲು ಹೋದಾಗ ನೋಡಿಕೊಳ್ಳುವುದು.

ನೋವಿ ಸಾದ್‌ನಿಂದ ಹೊಸ ಜೋಡಿ.
ಹುಡುಗಿಯ ದನಿ ಮಾತ್ರ ಕೇಳುತ್ತದೆ,
ಹಿಂದಿನಿಂದ ಪಿಸುಗುಟ್ಟಿ ಅವನು ಕೇಳಿಸುತ್ತಾನೆ:
ಮಂಚ ಕಿರುಗುಟ್ಟುತ್ತದೆಯಂತೆಯೇ?
ಕಿರುಗುಟ್ಟುತ್ತದೆ, ಸುಳ್ಳೇಕೆ.
ಪಕ್ಕದ ಕೋಣೆಯ ಅಜ್ಜನಿಗೆ ಕಿವಿ ಮಂದ,
ಜುಲೈ ಪೂರ್ತಿ ಇರುತ್ತಾನೆ. ಬನ್ನಿ.

ರಾಜಧಾನಿಯಿಂದ ವಿಲ್ಮಾ ಟೀಚರು,
ಅವರದು ಎಲ್ಲ ಮೊದಲೇ ನಿಗದಿ:
ಮಂಗಳವಾರ ಜಲಪಾತ, ಬುಧವಾರ ಬೆಟ್ಟದ ತೊಟ್ಟಿಲು,
ಗುರುವಾರ ಮಳೆ ಬಂದರೆ ಚರ್ಚು,
ಬರದಿದ್ದರೆ ದೋಣಿ.
ಮಳೆಗೂ ವೇಳಾಪಟ್ಟಿ ಇದೆ ಅವರ ಹತ್ತಿರ.
ಬೆಟ್ಟದಾಚೆ ಕೂತ ಮೋಡ ಅದನ್ನು ಓದಿಲ್ಲ
ಎಂದು ಹೇಳಲು ಹೋಗಿ, ಸುಮ್ಮನಾದೆ.

ಫೋನಿಟ್ಟು ಇಸ್ತ್ರಿಗೆ ನಿಂತೆ.
ಹೊರಗೆ ಎಲ್ಲೋ ಮಂಜುಗಡ್ಡೆ
ಈ ದಂಡೆಯಿಂದ ಆ ದಂಡೆಗೆ ಉದ್ದಕ್ಕೆ ಬಿರಿಯಿತು,
ಯಾರೋ ದೊಡ್ಡ ಬಟ್ಟೆ ಹರಿದ ಹಾಗೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಸರಿ.
ಊರಲ್ಲೇ ಇದ್ದವಳು?

ಮೂವತ್ತೊಂದು ಆಗಸ್ಟು. ಶನಿವಾರಕ್ಕೆ ಹನ್ನೆರಡು ಚಾದರ.
ನಾನು ಕಂಡ ಸರೋವರವೆಂದರೆ
ಹಗ್ಗದ ಮೇಲೆ ಎರಡು ಚಾದರದ ನಡುವೆ
ಗೇಣಗಲ ನೀಲಿ.
ಗಾಳಿ ಬೀಸಿದರೆ ಎರಡು ಗೇಣು.
ಕೊನೆಗೆ ಮುಳುಗೆದ್ದದ್ದು ಮದುವೆಗೆ ಮುಂಚೆ, ಹತ್ತೊಂಬತ್ತಕ್ಕೆ,
ಅಕ್ಕ ದಡದಲ್ಲಿ ಚಪ್ಪಲಿ ಕಾಯುತ್ತಿದ್ದಳು.

ಮತ್ತೆ ಫೋನು. ತ್ರಿಯೆಸ್ತೆಯ ವಕೀಲರು.
ಎಂದಿನಂತೆ ಮೂರನೇ ಕೋಣೆ, ಆಗಸ್ಟ್ ಎರಡನೇ ವಾರ,
ಕಿಟಕಿಯ ತುಂಬಾ ನೀರು ಕಾಣುತ್ತದಲ್ಲ, ಅದೇ.
ಅದು ಆಗಲೇ ಹೋಗಿದೆ ಸ್ವಾಮಿ,
ಎಂದಿತು ನನ್ನ ಬಾಯಿ.
ಯಾರಿಗೆ?
ಈ ಕಡೆಯ ಹೆಂಗಸೇ. ಮೊದಲ ಸಲ ಬರುತ್ತಿದ್ದಾಳೆ.
ಸ್ವಲ್ಪ ಕಿರಿಕಿರಿ ಸ್ವಭಾವ, ಏನು ಮಾಡುವುದು.

ರಾತ್ರಿ ಮತೇವ್ಜ್‌ಗೆ ಹೇಳಿದೆ.
ಅವನು ಸೂಪಿನಿಂದ ತಲೆ ಎತ್ತಿದ:
ಹಾಗಾದರೆ ಆ ವಾರ ತಿಂಡಿ ಯಾರು ಮಾಡುವುದು?
ನೀನು. ಅವಳಿಗೆ ಎಂಟೂವರೆಗೆ.
ಮೊಟ್ಟೆ ಮೆತ್ತಗೆ ಬೇಯಬೇಕಂತೆ,
ಹಳದಿ ಹರಿಯಬೇಕು.
ಚಮಚ ಹಿಡಿದು ಬಹಳ ಹೊತ್ತು ಯೋಚಿಸಿದ.
ನಾಯಿ ಇದೆಯಾ ಅವಳ ಜೊತೆ? ಎಂದ.

ಅವನು ಮಲಗಿದ ಮೇಲೆ ತಯಾರಿ.
ಮುಂಗಡ: ಸಕ್ಕರೆ ಡಬ್ಬಿಯಿಂದ ಬಿಸ್ಕತ್ತಿನ ಡಬ್ಬಿಗೆ,
ರಸೀದಿ ಕೊಟ್ಟುಕೊಂಡೆ.
ಈಜುಡುಗೆ: ಹಳೆಯದರ ಎಲಾಸ್ಟಿಕ್ ಸತ್ತಿದೆ, ಹೊಸದು,
ಕಡುಹಸಿರು ಸಿಕ್ಕರೆ ಕಡುಹಸಿರು.
ಓದಲು ಏನಾದರೂ. ಓದದಿದ್ದರೂ ಆಯಿತು.
ಪ್ರಯಾಣ: ಹದಿನಾಲ್ಕು ಮೆಟ್ಟಿಲು,
ನಡುವೆ ಗಡಿಯಾರದ ಹತ್ತಿರ ಒಂದು ತಂಗುದಾಣ.
ಆದರೂ ಪೆಟ್ಟಿಗೆ ಒಯ್ಯುತ್ತೇನೆ,
ಬರಿಗೈಯಲ್ಲಿ ಬಂದವರನ್ನು ಕಂಡರೆ
ಯಜಮಾನಿಗೆ ಅನುಮಾನ.

ಎರಡನೇ ವಾರ, ಮೂರನೇ ಕೋಣೆ, ಒಬ್ಬರು.
ಹೆಸರಿನ ಜಾಗದಲ್ಲಿ ಕೈ ತಡೆಯಿತು.
ಪಕ್ಕದಲ್ಲೇ ಶಾಯಿ ಪೆನ್ನು, ಹೊಳೆಯುತ್ತ.
ಬೇಡ, ಅತ್ತೆಯ ಮಾತು.
ಪೆನ್ಸಿಲನ್ನೇ ಚೂಪು ಮಾಡಿ
ಅಷ್ಟೂ ಬಲ ಬಿಟ್ಟು ಬರೆದೆ.
ಪುಟ ತಿರುವಿದರೆ
ಮುಂದಿನ ವಾರದ ಖಾಲಿ ಹಾಳೆಯಲ್ಲೂ
ಬಣ್ಣವಿಲ್ಲದೆ ಮೂಡಿತ್ತು, ಬೆರಳಿಗೆ ಸಿಗುವಷ್ಟು,
ಯೆರಿತ್ಸಾ.