ಹದಿನಾಲ್ಕನೆಯ ಕಂತು

ರಿಯೇಕಾ ಬಂದರಿನ ಮೀನುಮಾರುಕಟ್ಟೆಯಲ್ಲಿ
ಮಧ್ಯಾಹ್ನ ಎರಡಕ್ಕೆ ನೀರು ಹೊಯ್ದು ಕಲ್ಲು ತೊಳೆಯುತ್ತಾರೆ.
ಆಮೇಲೆ ನಮ್ಮ ಸಭೆ.
ನೆವೆಂಕಾಳ ಅಂಗಡಿಯ ಹಿಂದೆ ಖಾಲಿ ಪೆಟ್ಟಿಗೆ ಮಗುಚಿ ಹಾಕಿ
ಕೂರುವವರು ಮೂವರು:
ಮೀನು ಸೀಳುವ ಅವಳು,
ಕಟ್ಟುಹಲ್ಲು ಮಾಡುವ ನಾನು,
ಅವಳ ಅಕ್ಕನ ಮೊಮ್ಮಗಳು ತೆಯಾ, ಒಂಬತ್ತು ವರ್ಷ,
ನೋಟುಪುಸ್ತಕ ಅವಳ ಕೈಯಲ್ಲಿ.

ಎರಡು ವರ್ಷದಿಂದ ವಿಷಯ ಒಂದೇ:
ವ್ರೂಲ್.
ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ
ಭಾನುವಾರ ಸಂಜೆ, ವಾರ್ತೆಗೆ ಮೊದಲು,
ಎಂಟು ನಿಮಿಷ ಬಂದು ಹೋಗುತ್ತಿದ್ದ ಹಸಿರು ಜೀವ.
ಯಾವುದೋ ನಕ್ಷತ್ರದ್ದು. ಬಾಯಿಲ್ಲ. ರೆಪ್ಪೆ ಬಡಿಯದು.
ಬೀಗದ ಕೈಗಳನ್ನು ಅಂಗೈಯಿಂದ ಹೀರಿ ತಿನ್ನುತ್ತದೆ.

‘ತಿನ್ನುತ್ತಾನೆ’ ಎಂದು ನೆವೆಂಕಾ ತಿದ್ದುತ್ತಾಳೆ.
ಅವಳಿಗೆ ವ್ರೂಲ್ ಅವನು, ನನಗೆ ಅದು.
ತೆಯಾ ತಲೆಯೆತ್ತದೆ ಕೇಳುತ್ತಾಳೆ:
ಮೊಟ್ಟೆ ಇಟ್ಟದ್ದನ್ನು ನೀವು ನೋಡಿಲ್ಲ, ಸರಿ,
ಇಡದೆ ಇದ್ದದ್ದನ್ನು ನೋಡಿದ್ದೀರಾ?

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಪೈಕಿ ಅಲ್ಲ ನಾವು.
ಪುರಾವೆ ಬೇಕು.
ಹಲ್ಲಿಲ್ಲದೆ ಲೋಹ ನುರಿಸುವುದು ಹೇಗೆ? ನನ್ನ ಕಸುಬಿನ ಪ್ರಶ್ನೆ.
ಕೋಳಿಗಿರುವ ಹಾಗೆ ಒಳಗೊಂದು ಕಲ್ಲುಚೀಲ ಇರಬೇಕೆಂದೆ,
ನಡೆವಾಗ ಗಲಗಲ ಎನ್ನುವುದು ಅದೇ.
ನೆವೆಂಕಾ ಆಕ್ಟೋಪಸ್ ಒಂದನ್ನು ಹಲಗೆಗೆ ಬಡಿದು
ತಲೆಯನ್ನು ಕಾಲುಚೀಲದಂತೆ ಮಗುಚಿ ತೋರಿಸಿದಳು:
ಇಗೋ ಒಂದು, ಇಗೋ ಎರಡು, ಇಲ್ಲಿ ಮೂರನೆಯದು.
ಮೂರು ಹೃದಯ. ರಕ್ತ ನೀಲಿ, ತಾಮ್ರದ್ದು.
ಅವನು ಹಿತ್ತಾಳೆಯ ಕೈಯನ್ನೇ ಆರಿಸುತ್ತಾನೆ,
ಕಬ್ಬಿಣದ್ದನ್ನು ಮುಟ್ಟಿ ಬಿಡುತ್ತಾನೆ, ಗಮನಿಸಿದ್ದೀಯಾ?

ಇಲ್ಲ. ನಮ್ಮ ಮನೆಯ ಟಿವಿ ಕಪ್ಪುಬಿಳುಪು.
ವ್ರೂಲ್ ಹಸಿರೆಂಬುದೇ
ನನಗೆ ಇಪ್ಪತ್ತು ದಾಟಿದ ಮೇಲೆ ತಿಳಿದದ್ದು.

ಇಷ್ಟಾದರೂ ಬಗೆಹರಿಯದ್ದು ಹದಿನಾಲ್ಕನೆಯ ಕಂತು.
ಅದೊಂದರಲ್ಲಿ ಮಾತ್ರ ಹೊಟ್ಟೆ ನೇರಳೆ.
ಏಡಿಯಂತೆ ಚಿಪ್ಪು ಕಳಚುವ ಕಾಲ ಎಂದೆ.
ಬಸಿರು ಎಂದಳು ನೆವೆಂಕಾ. ಅವನೇ? ಅವನೇ,
ಕಡಲಕುದುರೆಯಲ್ಲಿ ಗಂಡೇ ಹೊರುವುದು, ನಿನಗೇನು ಗೊತ್ತು.
ದನಿ ಏರಿತು. ಬೆಕ್ಕುಗಳು ಎದ್ದು ಹೋದವು.

‘ಹಸಿರು ಮುಗಿದಿತ್ತು.’

ಹೊತ್ತು ಮೀರಿ ಅಗ್ಗದ ಬೂತಾಯಿಗೆ ಬರುವ
ಮುದುಕಿ ಶ್ಟೆಫಿತ್ಸಾ, ಬಾಗಿಲಲ್ಲಿ.
‘ಡಬ್ಬಿಯ ತಳ ಕಂಡಿತ್ತು. ಟ್ರಿಯೆಸ್ಟ್‌ನಿಂದ ತರಿಸಲು ದುಡ್ಡಿಲ್ಲ.
ಕಪಾಟಿನಲ್ಲಿದ್ದದ್ದು ನೇರಳೆ. ಬಳಿದವಳು ನಾನು.
ಮೂರು ತಿಂಗಳು ನಮಗೂ ಸಂಬಳವಿರಲಿಲ್ಲ.’

ರೆಪ್ಪೆ?
‘ಒಂದು ಸಲ ಬಡಿಯಲು ಐದು ಹಾಳೆ ಹೆಚ್ಚು.’
ಬಾಯಿ?
‘ಬಾಯಿದ್ದರೆ ಮಾತಾಡುತ್ತಿತ್ತು, ಮಾತಿಗೊಬ್ಬ ನಟ, ನಟನಿಗೆ ಕೂಲಿ.’
ಹೃದಯ? ಕೇಳಿದವಳು ನೆವೆಂಕಾ, ಮೆಲ್ಲಗೆ.
‘ನಾವು ಅಂಚು ಬರೆದೆವು, ತಾಯಿ. ಒಳಗಿನದು ಯಾರೂ ಕೇಳಲಿಲ್ಲ.’

ನಾನು ಪೆಟ್ಟಿಗೆಯಿಂದ ಏಳುವುದರಲ್ಲಿದ್ದೆ.
ಎರಡು ವರ್ಷದ ಗುರುವಾರಗಳು
ಕಲ್ಲಿನ ಮೇಲಿನ ನೀರಿನಂತೆ ಮೋರಿಗೆ ಹರಿದವು.
ತೆಯಾ ಮಾತ್ರ ಬರೆದುಕೊಳ್ಳುತ್ತಿದ್ದಳು, ತುಟಿ ಅಲ್ಲಾಡಿಸುತ್ತ:
ಹಸಿದರೆ ಹೊಟ್ಟೆ ನೇರಳೆಯಾಗುತ್ತದೆ.
‘ಸರಿಯೇ?’ ಎಂದಳು.
ಮುದುಕಿ ಯೋಚಿಸಿದಳು. ಬಹಳ ಹೊತ್ತು.
‘ಸರಿ’ ಎಂದಳು.

‘ಮತ್ತೆ ಆ ಗಲಗಲ?’ ನಾನು ಬಿಡಲಿಲ್ಲ.
ಚೀಲಕ್ಕೆ ಕೈಹಾಕಿ ಗೊಂಚಲು ತೆಗೆದು ಆಡಿಸಿದಳು;
ಮೈಯೆಲ್ಲ ಭಾನುವಾರ ಸಂಜೆಯಾಯಿತು.
ಸ್ಟುಡಿಯೋ ಬಾಗಿಲಿನವು, ಹಿತ್ತಾಳೆ, ಮುಚ್ಚಿದಾಗ ಹಿಂತಿರುಗಿಸಿಲ್ಲ.
ಬಾಗಿಲೂ ಈಗಿಲ್ಲ.

ತೆಯಾ ಅವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು
ರೆಪ್ಪೆ ಬಡಿಯದೆ ನಿಂತಳು.
ನೆವೆಂಕಾ ಬೂತಾಯಿ ತೂಗಿ, ಮುಳ್ಳು ನಿಂತ ಮೇಲೂ
ಇನ್ನೊಂದು ಹಿಡಿ ಸುರಿದಳು.

ಹಿಂದಕ್ಕೆ ಕೊಟ್ಟಾಗ ಶ್ಟೆಫಿತ್ಸಾ ಎಣಿಸಿದಳು.
‘ಆರಿದ್ದವು’ ಎಂದಳು, ನಗದೆ.
‘ಐದಿವೆ.’