ಬಕೆಟ್

ಏಪ್ರಿಲ್ಲಿನ ಎರಡನೇ ಮಂಗಳವಾರ
ನಾಲ್ಕು ಚಕ್ರದ ಬೈಕು ಗುಡ್ಡದ ಇಳಿಜಾರಿನಲ್ಲಿ ಮಗುಚಿತು.
ಹೆಲ್ಮೆಟ್ಟು ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿತ್ತು.
ಅದರೊಳಗೆ ಯಾವುದೋ ಪುಟ್ಟ ಹಕ್ಕಿ
ಪಾಚಿ, ಕುರಿಯ ಉಣ್ಣೆ ತಂದು ಗೂಡು ಕಟ್ಟಿತ್ತು.
ಮರಿ ಹಾರುವ ತನಕ ಮುಟ್ಟಬೇಡ
ಅಂದವಳು ನಾನು.
ಇದನ್ನು ಆಸ್ಪತ್ರೆಯ ಯಾವ ಫಾರಮ್ಮಿನಲ್ಲೂ ಬರೆದಿಲ್ಲ.

ಹತ್ತೊಂಬತ್ತು ದಿನ ನಿದ್ದೆ.
ಇಪ್ಪತ್ತನೆಯ ದಿನ ಇದ್ವಾಲ್ ಕಣ್ಣು ತೆರೆದು
ನನ್ನ ಮುಖವನ್ನೇ ನೋಡಿ, ತುಂಬ ಹೊತ್ತು ಹುಡುಕಿ, ಹೇಳಿದ:
ಬಕೆಟ್.

ಆಮೇಲೆ ಎಲ್ಲವೂ ಬಕೆಟ್.
ನೀರು, ನೋವು, ಕಿಟಕಿ,
ಎಂದೋ ತೀರಿಹೋದ ಅವನ ತಾಯಿ,
ಮೂವತ್ತೊಂದು ವರ್ಷ ಮೆರೆರಿಡ್ ಆಗಿದ್ದ ನಾನು.

ಬ್ಯಾಂಗೋರಿನಿಂದ ಮಾತು ಕಲಿಸುವ ಹುಡುಗಿ ಬರುತ್ತಾಳೆ,
ಚಿತ್ರದ ಕಾರ್ಡು ಹಿಡಿಯುತ್ತಾಳೆ:
ಚಮಚ. ಬೆಕ್ಕು. ಏಣಿ. ಛತ್ರಿ.
ಅವನಿಗೆ ಗೊತ್ತು. ಗೊತ್ತೆಂಬುದು ಹುಬ್ಬಿನಲ್ಲೇ ಕಾಣುತ್ತದೆ.
ಕೊಡ ಮುಳುಗಿದ ಸದ್ದು ಕೇಳಿ ಸೇದಿದರೆ
ಬರೀ ಹಗ್ಗ ಮೇಲೆ ಬಂದ ಹಾಗೆ.
ಒಂದು ದಿನ ಛತ್ರಿಯನ್ನು ಬಾಯಿಗಿಟ್ಟು
ಅಗಿದುಬಿಟ್ಟ.

ಕೆಲವು ಉಳಿದಿವೆ, ಲೆಕ್ಕವಿಲ್ಲದ ಕಡೆ.
ಬೈಗುಳಕ್ಕೆ ಒಂದಕ್ಷರ ಮುಕ್ಕಾಗಿಲ್ಲ;
ಪಾದ್ರಿ ಬಂದ ದಿನ ಅದು ಇಡೀ ಮನೆಗೆ ತಿಳಿಯಿತು.
ಎಣಿಕೆಯೂ ಇದೆ, ಆದರೆ ಮೆಟ್ಟಿಲಿನ ಹಾಗೆ:
ಏಳು ಎನ್ನಬೇಕಾದರೆ
ಒಂದರಿಂದ ಹತ್ತಿಕೊಂಡೇ ಬರಬೇಕು.

ಸಂತೆಯಲ್ಲಿ ಕಂಡವರೆಲ್ಲ ಅನ್ನುತ್ತಾರೆ,
ಚೆನ್ನಾಗೇ ಕಾಣ್ತಾನಲ್ಲ, ಮೈಕೈ ತುಂಬಿಕೊಂಡು.
ಇಬ್ಬರು ಒಟ್ಟಿಗೆ ಮಾತಾಡಿದರೆ
ಅವನು ಕಿವಿ ಮುಚ್ಚಿ ಗೋಡೆಗೆ ತಿರುಗುವುದು ಅವರಿಗೇನು ಗೊತ್ತು.
ಗಂಜಿಯ ಪಾತ್ರೆ ಬೂಟುಗಳ ಕಪಾಟಿನಲ್ಲಿ ಸಿಗುವುದು,
ಮಧ್ಯಾಹ್ನ ಎರಡಕ್ಕೇ ದಣಿದು, ದಣಿದದ್ದಕ್ಕೇ ಅಳುವುದು,
ಕುರಿಮರಿಗೂ ಗದರದಿದ್ದವನು
ನನ್ನತ್ತ ಎಸೆದ ಆ ನೀಲಿ ಕಪ್ಪು.
ತಪ್ಪಿತು. ಬಾಗಿಲಿಗೆ ತಾಗಿತು.
ಗುರುತು ಇನ್ನೂ ಇದೆ, ನಾನು ಬಣ್ಣ ಬಳಿದಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ
ಹಳೆಯ ಕೋಟಿನ ಜೇಬಿನಲ್ಲಿ ಅವನ ಕೈಗೆ ಸೀಟಿ ಸಿಕ್ಕಿತು.
ಊದಿದ.
ಆರು ತಿಂಗಳು ಬಾಗಿಲಲ್ಲೇ ಮಲಗಿದ್ದ ನೆಲ್
ಬೇಲಿ ಹಾರಿ ಆಗಲೇ ಗುಡ್ಡದ ಅರ್ಧ ಏರಿದ್ದಳು.
ಆಮೇಲೆ ಊದಿದ್ದು ಎಡಕ್ಕೆ.
ಕುರಿ ಇದ್ದದ್ದು ಬಲಕ್ಕೆ.
ನಾಯಿ ಎಡಕ್ಕೆ ನಾಲ್ಕು ಹೆಜ್ಜೆ ಓಡಿ ನಿಂತಳು.
ಅವನನ್ನು ನೋಡಿದಳು, ಕುರಿಯನ್ನು ನೋಡಿದಳು,
ಮತ್ತೆ ಅವನನ್ನು.
ಬಲಕ್ಕೆ ಹೋದಳು.
ನಾನು ಸೋಪಿನ ಕೈಯಲ್ಲೇ ಗೇಟಿನ ಹತ್ತಿರ ನಿಂತಿದ್ದೆ.
ಒಂದು ನಾಯಿಯ ಮೇಲೆ ಅಷ್ಟು ಹೊಟ್ಟೆಕಿಚ್ಚು
ಪಡಬಹುದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ರಾತ್ರಿ ಹೇಳಿದೆ.
ಮೊಳೆ, ಹೆಲ್ಮೆಟ್ಟು, ಪಾಚಿ, ನನ್ನ ಮಾತು.
ಸಣ್ಣ ವಾಕ್ಯಗಳಲ್ಲಿ, ನಡುನಡುವೆ ತಡೆದು,
ಹುಡುಗಿ ಹೇಳಿಕೊಟ್ಟ ಹಾಗೆ, ರೇಡಿಯೋ ಆರಿಸಿ.

ಅವನು ಬಹಳ ಹೊತ್ತು ಬೆಂಕಿ ನೋಡಿದ.
ನಾನು ಬೈಗುಳಕ್ಕೆ ಕಾದೆ.
ಎರಡು ಅಂಗೈ ಕೂಡಿಸಿ ಬಟ್ಟಲು ಮಾಡಿದ,
ಬೆರಳುಗಳನ್ನು ಪಟಪಟ ಆಡಿಸಿದ,
ಹುಬ್ಬೆತ್ತಿ ಕೇಳಿದ:
ಬಕೆಟ್?

ಐದು, ಅಂದೆ. ಐದೂ ಹಾರಿದವು.

ಅವನು ತಲೆಯಾಡಿಸಿದ.
ಒಂದರಿಂದ ಶುರುಮಾಡಿ,
ನಿಧಾನವಾಗಿ, ಒಂದನ್ನೂ ಬಿಡದೆ ಹತ್ತಿ,
ಐದರಲ್ಲಿ ನಿಂತ.