ಎಡಗಡೆಯ ಸೀಟು

ಟ್ರಾವೆಲ್ಸಿನವನು ಕೊಟ್ಟ ಬಣ್ಣದ ಹಾಳೆಯಲ್ಲಿ
ನಲವತ್ತು ಜನ, ಒಂದು ಬಸ್ಸು, ಮುಂದೊಬ್ಬ ಬಾವುಟ ಹಿಡಿದವನು,
ಎಂಟು ದಿನಕ್ಕೆ ಹನ್ನೊಂದು ಊರು, ರಾತ್ರಿಗೆ ಅನ್ನ ಸಾರು.
ಜಲಜಾಕ್ಷಿ ಅದನ್ನು ಮಡಚಿ ಮಡಚಿ
ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಳು.
'ಬಸ್ಸಿನ ಲೆಕ್ಕ ಬರೆದೇ ನಿಮ್ಮ ತಲೆ ನರೆಯಿತು,
ಇಟಲಿಗೆ ಹೋಗಿಯೂ ಬಸ್ಸೇ?'

ಹಾಗಾಗಿ ರೈಲು ನನ್ನ ಪಾಲಿಗೆ, ಕಾರು ಅವಳ ಪಾಲಿಗೆ.

ಹಾಸನದ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ನಾನು.
ಸಕಲೇಶಪುರದ ಗಾಡಿ, ಬೇಲೂರಿನದು, ಅರಸೀಕೆರೆಯದು,
ಬಂದದ್ದು ಎಷ್ಟಕ್ಕೆ, ಬಿಟ್ಟದ್ದು ಎಷ್ಟಕ್ಕೆ.
ಈಗ ರಾತ್ರಿ ಪಾಳಿಯಲ್ಲಿ, ಮೈಕಿನ ಪಕ್ಕ,
ಅದೇ ಗೆರೆಪುಸ್ತಕದ ಹಿಂದಿನ ಹಾಳೆಗೆ
ಇಟಲಿಯ ರೈಲುಗಳನ್ನು ಇಳಿಸುತ್ತೇನೆ.
ಮೂರು ರಾತ್ರಿ ಫ್ಲಾರೆನ್ಸ್ ಹುಡುಕಿದೆ, ಸಿಗಲಿಲ್ಲ.
ನಾಲ್ಕನೆಯ ರಾತ್ರಿ ತಿಳಿಯಿತು, ಮನೆಯವರು ಅದನ್ನು ಕರೆಯುವುದು ಫಿರೆಂಜೆ ಎಂದು.
ಸರಿ, ನಮ್ಮಲ್ಲೂ ಹಾಜರಿ ಪುಸ್ತಕದ ಹೆಸರು ಬೇರೆ,
ಅಮ್ಮ ಕೂಗುವ ಹೆಸರು ಬೇರೆ.

ಕೆಂಪು ರೈಲಿಗೆ ಸೀಟಿನ ನಂಬರುಂಟು, ಮೊದಲೇ ಕೊಂಡರೆ ಅಗ್ಗ.
ಊರೂರಿಗೆ ನಿಲ್ಲುವ ಗಾಡಿಗೆ ಅದೇನಿಲ್ಲ,
ಆದರೆ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ
ಗೋಡೆಯ ಡಬ್ಬಿಯಲ್ಲಿ ಮುದ್ರೆ ಬೀಳಬೇಕು. ಮರೆತರೆ ದಂಡ.
ನಮ್ಮ ಕಂಡಕ್ಟರನ ಕಿವಿಯ ಪೆನ್ನಿನ ಕೆಲಸ
ಅಲ್ಲೊಂದು ಡಬ್ಬಿಗೆ!
ಫಿರೆಂಜೆಯಲ್ಲಿ ಗಾಡಿ ಬದಲಿಸಲು ಒಂಬತ್ತು ನಿಮಿಷ.
ಅಷ್ಟರಲ್ಲಿ ನಮ್ಮ ಡ್ರೈವರಿನ ಎಲೆಯಡಿಕೆಯೂ ಮುಗಿದಿರುವುದಿಲ್ಲ.
ನಲವತ್ತೊಂದಕ್ಕೆ ತಿದ್ದಿದೆ. ಅವಳು ನೋಡಿ,
'ಮೂವತ್ತೆರಡು ನಿಮಿಷ ಹೆದರಿಕೆಗೆ ಕೊಟ್ಟಿದ್ದೀರಿ' ಅಂದಳು.

ಅವಳ ಪಾಲಿನದು ಇನ್ನೂ ಗೋಜಲು.
ಹಳೆಯ ಊರುಗಳ ಬಾಯಲ್ಲಿ ಕೆಂಪು ಸುತ್ತಿನ ಫಲಕ,
ಅರಿಯದೆ ದಾಟಿದರೆ ಕ್ಯಾಮೆರಾ ನೆನಪಿಟ್ಟುಕೊಂಡು
ಎಷ್ಟೋ ತಿಂಗಳ ಮೇಲೆ ನಮ್ಮ ಅಂಚೆಯವನ ಕೈಲಿ
ದಂಡದ ಚೀಟಿ ಕಳಿಸುತ್ತದಂತೆ.
ಗೀರಿಗೊಂದು ವಿಮೆ, ಗಾಜಿಗೊಂದು ವಿಮೆ.
ಠೇವಣಿಗೆ ಕ್ರೆಡಿಟ್ ಕಾರ್ಡೇ ಬೇಕು, ಅದೂ ಓಡಿಸುವವರ ಹೆಸರಿನದೇ;
ಐವತ್ತೊಂದಕ್ಕೆ ಮೊದಲ ಸಲ ತನ್ನ ಹೆಸರಿನ ಕಾರ್ಡು
ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದಳು.
ಪರದೇಶದ ಪರ್ಮಿಟ್ಟಿಗೆ ಆರ್‌ಟಿಓ ಕಚೇರಿಗೆ ಹೋದರೆ
ಇನ್‌ಸ್ಪೆಕ್ಟರು ಇವಳಲ್ಲೇ ಕಲಿತ ಹುಡುಗ.
'ಟೆಸ್ಟು ಕೊಡಲೇನಪ್ಪಾ?' ಅಂದಳಂತೆ. ಅವನು ಎದ್ದು ನಿಂತನಂತೆ.

ಹದಿನಾಲ್ಕು ದಿನದ ಪಟ್ಟಿಯಲ್ಲಿ ಹತ್ತನೆಯದನ್ನು ಅವಳು ಅಳಿಸಿಬಿಟ್ಟಳು.
ಬೆಟ್ಟದ ದಾರಿ. ಊರಿಲ್ಲ, ವೇಳೆಯಿಲ್ಲ.
ಆ ಖಾನೆ ಕಂಡಾಗಲೆಲ್ಲ ನನ್ನ ಕೈ ತುರಿಸುತ್ತದೆ,
'ತಡ' ಎಂದಾದರೂ ಬರೆಯೋಣವೆಂದು.

ಭಾನುವಾರ ಬೆಳಗಿನ ಆರಕ್ಕೆ ಆಲೂಗಡ್ಡೆ ಮಂಡಿಯ ಖಾಲಿ ಅಂಗಳ.
ನಾಲ್ಕು ಮೂಟೆ ಇಟ್ಟು ಸರ್ಕಲ್ ಮಾಡಿದ್ದೇವೆ.
'ಅಪ್ರದಕ್ಷಿಣೆ ಸುತ್ತೀರಲ್ಲಮ್ಮಾ' ಎಂದು ಕಾವಲಿನ ಮರಿಯಪ್ಪ
ಬೀಡಿ ಆರಿಸಿ ನಿಂತಿದ್ದಾನೆ.
ಸ್ಕೂಲಿನ ಕಾರಿಗೆ ಎರಡೂ ಕಡೆ ಬ್ರೇಕು, ಎರಡೂ ಕಡೆ ಕ್ಲಚ್ಚು.
ಹತ್ತೊಂಬತ್ತು ವರ್ಷ ಅವಳು ಕೂತದ್ದು ಎಡಕ್ಕೇ,
ಚಕ್ರ ಯಾವಾಗಲೂ ಬೇರೆಯವರ ಕೈಯಲ್ಲಿ.
ಡೇರಿ ಸರ್ಕಲ್ಲಿನಲ್ಲಿ ಹಾಲಿನ ಟ್ಯಾಂಕರು ಎದುರಾದರೆ
ಅವರು ಕಣ್ಣು ಮುಚ್ಚುತ್ತಿದ್ದರು, ಇವಳು ತುಳಿಯುತ್ತಿದ್ದಳು.
'ಕೂರುವ ಜಾಗ ಅದೇ ರೀ,
ಗೇರು ಹಾಕುವ ಕೈಯೂ ಅದೇ.
ಚಕ್ರ ಒಂದು ಈ ಕಡೆ ಬರಬೇಕಿತ್ತು, ಬರ್ತಾ ಇದೆ.'

ಈಗ ಅವಳ ಮಡಿಲಲ್ಲಿ ಊಟದ ಸ್ಟೀಲ್ ತಟ್ಟೆ.
ಅದು ತಿರುಗಿದಷ್ಟು ನಾನು ಚಕ್ರ ತಿರುಗಿಸಬೇಕು,
ಡ್ರೈವಿಂಗ್ ಬಾರದ ಕಂಟ್ರೋಲರ್, ಬಲಗಡೆ.
ಎರಡು ಸುತ್ತಿಗೆ ಒಂದು ಮೂಟೆ ಒಡೆಯಿತು,
ಆಲೂಗಡ್ಡೆ ಅಂಗಳದ ತುಂಬ ಉರುಳಿತು.
'ಇನ್ನೊಂದು ಸುತ್ತು' ಅಂದಳು.

ಅಲ್ಲಿ ನನ್ನ ಮುಂದೆ ಚಕ್ರವಿರುವುದಿಲ್ಲ, ಪೆಡಲಿರುವುದಿಲ್ಲ,
ಬರೀ ಒಂದು ಡ್ರಾಯರು, ಅದರೊಳಗೆ ನನ್ನ ಗೆರೆಪುಸ್ತಕ.
ಮನೆಗೆ ಬಂದು ಕುರ್ಚಿಯಲ್ಲಿ ಕೂತು
ಬಲಗಾಲಿಗೆ ಹೇಳಿಕೊಡುತ್ತಿದ್ದೇನೆ:
ಸುಮ್ಮನಿರು.